ಮರೆತುಹೋದ ಕೀಲಿಕೈ

ಮನೆಗೆ ಕೀಲಿ ಹಾಕುವದು ಕಳ್ಳನು ಒಳಗೆ ಬಾರದಿರಲೆಂದು. ಆದರೆ ಕಳ್ಳನಾರು, ಒಡೆಯನಾರು ಎಂಬ ಭೇದವು ಕೀಲಿಗೆ ತಿಳಿಯದು. ಕೀಲಿಕೈ ಇದ್ದವರಿಗೆ ಅದು ತೆರೆಯುವದು, ಇಲ್ಲದವರಿಗೆ ತೆರೆಯದು. ಒಡೆಯನೇ ಕೀಲಿಕೈ ಕಳೆದುಕೊಂಡರೆ ತನ್ನ ಮನೆಯ ಮುಂದೆ ತಾನೇ ಪರಕೀಯನಂತೆ ನಿಲ್ಲಬೇಕಾಗುವದು. ಮಾತು ಹಳೆಯದಾದರೂ ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿನಿಯರ ಮನೆಗಳಲ್ಲಿ ಅದು ಹೊಸ ರೂಪದಿಂದ ಕಾಣಿಸಿಕೊಂಡಿರುವ ಕಾರಣ, ಆ ವಿಷಯವಾಗಿ ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವದು ಉಚಿತವೆಂದು ತೋರಿತು. ನಾವು ಹೇಳಹೊರಟಿರುವದು ಟ್ಯಾಬ್ಲೆಟ್ ಎಂಬ ಹಲಗೆಯಂಥ ಯಂತ್ರದ ಕುರಿತು. ಅದರಲ್ಲಿಯೂ ವಿಶೇಷತಃ ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಮರೆತುಹೋಗಿ ಕಪಾಟಿನಲ್ಲಿ ಬಿದ್ದಿರುವ ಹಳೆಯ ಟ್ಯಾಬ್ಲೆಟ್ಟಿನ ಕುರಿತು.

ಈ ಯಂತ್ರಗಳು ನಮ್ಮ ಮನೆಗಳಿಗೆ ಹೇಗೆ ಬಂದವೆಂಬದನ್ನು ಮೊದಲು ನೆನೆಯೋಣ. 2020ನೆಯ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಿದವು. ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಮೊಬೈಲುಗಳಲ್ಲಿಯೂ ನಡೆದವು. 2021ನೆಯ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆದದ್ದನ್ನು ಆ ವರ್ಷದ ಹುಡುಗಿಯರು ಮರೆತಿರಲಾರರು. ಅದೇ ವರ್ಷದ ಜೂನ್ ತಿಂಗಳಲ್ಲಿ ರಾಜ್ಯ ಸರಕಾರವು ಸರಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚುವ ಯೋಜನೆಯನ್ನು ಆರಂಭಿಸಿತು. ಉಳಿದ ಅನೇಕ ಕುಟುಂಬದವರು ಸಾಲ ಮಾಡಿಯಾದರೂ ಒಂದನ್ನು ಕೊಂಡರು. ಕೊಳ್ಳುವ ಅವಸರದಲ್ಲಿ ಖಾತೆ ತೆರೆದುಕೊಟ್ಟವರು ಅಂಗಡಿಯ ಹುಡುಗರು, ನೆರೆಮನೆಯ ತರುಣರು, ಇಲ್ಲವೆ ಯಾರೋ ನೆಂಟರು. ಖಾತೆಯ ಹೆಸರೇನು, ಅದಕ್ಕೆ ಯಾರ ಫೋನಿನ ಸಂಖ್ಯೆಯನ್ನು ಕೊಟ್ಟಿದೆ ಎಂಬದನ್ನು ಆಗ ಯಾರೂ ಕೇಳಲಿಲ್ಲ. ಶಾಲೆ ತೆರೆದ ಮೇಲೆ ಯಂತ್ರವು ಕಪಾಟನ್ನು ಸೇರಿತು. ಈಗ ತಂಗಿಯು ಎಂಟನೆಯ ಇಯತ್ತೆಗೆ ಬಂದಿದ್ದಾಳೆ. ಅಕ್ಕನ ಟ್ಯಾಬ್ಲೆಟ್ಟನ್ನು ಹೊರತೆಗೆದರೆ ಅದು ಬಾಯಿ ಬಿಡದು.

ಇಂಥ ಯಂತ್ರಕ್ಕೆ ಎರಡು ಕೀಲಿಗಳುಂಟೆಂಬದನ್ನು ವಾಚಕರು ಮೊದಲು ಮನಸ್ಸಿನಲ್ಲಿಡಬೇಕು. ಒಂದನೆಯದು ತೆರೆಯ ಕೀಲಿ: ನಾಲ್ಕಾರು ಅಂಕೆಗಳಾಗಲಿ, ಚುಕ್ಕೆಗಳನ್ನು ಕೂಡಿಸಿ ಎಳೆಯುವ ಗೆರೆಯಾಗಲಿ ಅದರ ಕೀಲಿಕೈಯಾಗಿರುತ್ತದೆ. ಇದು ಆ ಯಂತ್ರದೊಳಗೇ ಇರುವಂಥದು. ಎರಡನೆಯದು ಖಾತೆಯ ಕೀಲಿ: ಗೂಗಲ್ ಅಥವಾ ಆ್ಯಪಲ್ ಕಂಪನಿಯಲ್ಲಿ ನಮ್ಮ ಹೆಸರಿನಿಂದಿರುವ ಖಾತೆ ಮತ್ತು ಅದರ ಪಾಸ್‌ವರ್ಡ್. ಇದು ಯಂತ್ರದಲ್ಲಿರದೆ ದೂರದ ಕಂಪನಿಯ ಗಣಕಗಳಲ್ಲಿರುತ್ತದೆ. ಮೊದಲನೆಯದು ಮನೆಯ ಬಾಗಿಲಿನಂತೆ. ಎರಡನೆಯದು ಮನೆಯ ಹಕ್ಕುಪತ್ರದಂತೆ. ಯಾವದನ್ನು ಮರೆತಿದ್ದೇವೆಂದು ಗೊತ್ತುಮಾಡಿಕೊಳ್ಳದೆ ಕೈ ಹಾಕುವದರಿಂದಲೇ ಹೆಚ್ಚಿನ ನಷ್ಟಗಳು ಆಗುತ್ತವೆ.

“ಪಾಸ್‌ವರ್ಡ್ ನಮ್ಮದೇ, ಕಂಪನಿಯವರು ಅದನ್ನು ನಮಗೆ ಹೇಳಿಬಿಟ್ಟರೆ ಆಗದೇ?” ಎಂದು ಅನೇಕ ತಾಯಂದಿರು ನಮ್ಮನ್ನು ಕೇಳಿದ್ದಾರೆ. ನಿಜ ಸಂಗತಿಯೇನೆಂದರೆ, ಅದು ಕಂಪನಿಯವರಿಗೂ ಗೊತ್ತಿರುವದಿಲ್ಲ. ಗಣಕಗಳಲ್ಲಿ ಪಾಸ್‌ವರ್ಡಿನ ಪದ್ಧತಿಯು 1960ರ ದಶಕದ ಆರಂಭದಲ್ಲಿ ಅಮೇರಿಕೆಯ ಎಮ್.ಐ.ಟಿ. ವಿದ್ಯಾಸಂಸ್ಥೆಯಲ್ಲಿ, ಅನೇಕರು ಒಂದೇ ಗಣಕವನ್ನು ಪಾಲುಗೊಂಡು ಬಳಸುತ್ತಿದ್ದಾಗ ರೂಢಿಗೆ ಬಂತು. ಆಗ ಪಾಸ್‌ವರ್ಡುಗಳನ್ನೆಲ್ಲ ಇದ್ದಂತೆಯೇ ಒಂದು ಕಡತದಲ್ಲಿ ಬರೆದಿಡುತ್ತಿದ್ದರು. ಒಮ್ಮೆ ಯಂತ್ರದ ತಪ್ಪಿನಿಂದ ಆ ಇಡೀ ಕಡತವೇ ಎಲ್ಲರ ಕಣ್ಣಿಗೆ ಬಿದ್ದಿತು. ಇಂಥ ಅಪಾಯಗಳನ್ನು ತಪ್ಪಿಸಲು ಕಂಡುಹಿಡಿದ ಉಪಾಯವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ವಿದ್ವಾಂಸರು 1979ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಅದನ್ನು ನಮ್ಮ ಅಡಿಗೆಮನೆಯ ಉದಾಹರಣೆಯಿಂದ ತಿಳಿಯಬಹುದು. ಜೋಳವನ್ನು ಬೀಸಿದರೆ ಹಿಟ್ಟಾಗುವದು. ಆದರೆ ಹಿಟ್ಟಿನಿಂದ ಕಾಳನ್ನು ತಿರುಗಿ ಮಾಡಲು ಯಾರಿಂದಲೂ ಆಗದು. ಹಾಗೆಯೇ ನಮ್ಮ ಪಾಸ್‌ವರ್ಡನ್ನು ಒಂದು ಗಣಿತದ ಬೀಸುಕಲ್ಲಿನಲ್ಲಿ ಹಾಕಿ, ಬಂದ ಹಿಟ್ಟನ್ನಷ್ಟೇ ಇಟ್ಟುಕೊಳ್ಳುವರು. ಮರುದಿನ ನಾವು ಪಾಸ್‌ವರ್ಡ್ ಬರೆದಾಗ ಅದನ್ನೂ ಬೀಸಿ, ಹಿಟ್ಟಿಗೆ ಹಿಟ್ಟು ಸರಿಯಾದರೆ ಬಾಗಿಲು ತೆರೆಯುವರು. ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಹಿಟ್ಟು ಒಂದೇ ಆಗದಿರಲೆಂದು ಪ್ರತಿಯೊಂದರಲ್ಲಿಯೂ ಬೇರೆ ಬೇರೆಯಾದ ಒಂದು ಚಿಟಿಕೆ ಬೆರಸುವರು. ಅದಕ್ಕೆ ಆ ವಿದ್ವಾಂಸರು ಇಟ್ಟ ಹೆಸರು “ಉಪ್ಪು” ಎಂದೇ. ಆದಕಾರಣ ಕಂಪನಿಯು ಹಳೆಯ ಪಾಸ್‌ವರ್ಡನ್ನು ತಿಳಿಸಲಾರದು. ನಾವೇ ಒಡೆಯರೆಂದು ಮನವರಿಕೆಯಾದರೆ ಹೊಸದನ್ನು ಇಟ್ಟುಕೊಳ್ಳಲು ಅಪ್ಪಣೆ ಕೊಡಬಲ್ಲದು, ಅಷ್ಟೇ.

ಇನ್ನು, “ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿದರಾಯಿತು” ಎಂಬ ಸಲಹೆಯನ್ನು ವಿಚಾರಿಸೋಣ. ಹಿಂದೆ ಇದು ನಡೆಯುತ್ತಿತ್ತು. ಆದುದರಿಂದಲೇ ಕದ್ದ ಯಂತ್ರಗಳು ಒಂದೇ ದಿನದಲ್ಲಿ ಹೊಸ ಮಾಲಾಗಿ ಮಾರಾಟವಾಗುತ್ತಿದ್ದವು. ಅದನ್ನು ತಡೆಯಲು ಆ್ಯಪಲ್ ಕಂಪನಿಯು 2013ರಲ್ಲಿಯೂ, ಗೂಗಲ್ ಕಂಪನಿಯು 2015ರಲ್ಲಿ ಆಂಡ್ರಾಯ್ಡ್ 5.1ರಿಂದಲೂ ಒಂದು ಹೊಸ ಕಟ್ಟುಪಾಡನ್ನು ತಂದವು. ಅಂದಿನಿಂದ ಖಾತೆಯಿದ್ದ ಯಂತ್ರವನ್ನು ಬಲವಂತದಿಂದ ಅಳಿಸಿದರೆ, ಅದು ಮತ್ತೆ ಎದ್ದೊಡನೆ ಹಳೆಯ ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುವದು. ಹೇಳದಿದ್ದರೆ ಮುಂದಕ್ಕೆ ಸಾಗದು. ಅಳಿಸಿದವರಿಗೆ ಒಳಗಿದ್ದ ಟಿಪ್ಪಣಿಗಳೂ ಹೋದವು, ಯಂತ್ರವೂ ದಕ್ಕಲಿಲ್ಲ. ಇದಲ್ಲದೆ 2019ರ ಆಂಡ್ರಾಯ್ಡ್ 10ರೊಡನೆ ಹೊಸದಾಗಿ ಬಂದ ಯಂತ್ರಗಳೆಲ್ಲವೂ ಒಳಗಿನ ಬರಹ ಚಿತ್ರಗಳನ್ನು ಗೂಢಲಿಪಿಯಲ್ಲಿಯೇ ಇಡುತ್ತವೆ. ತೆರೆಯ ಕೀಲಿಕೈ ಮರೆತರೆ, ಆ ಯಂತ್ರದಲ್ಲಿ ಮಾತ್ರ ಇದ್ದುದನ್ನು ಹೊರಗೆ ತೆಗೆಯುವ ಆಶೆಯನ್ನು ಬಿಡಬೇಕಾಗುವದು.

ಹಾಗಾದರೆ ಏನು ಮಾಡತಕ್ಕದ್ದು? ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಅವಸರದಿಂದ ಏನನ್ನೂ ಅಳಿಸಬಾರದು. ಯಂತ್ರದ ಬೆನ್ನು ಉಬ್ಬಿದೆಯೋ ಎಂದು ಮೊದಲು ನೋಡಿ, ಉಬ್ಬಿರದಿದ್ದರೆ ಅದಕ್ಕೆ ಪೂರ್ತಿ ವಿದ್ಯುತ್ತು ಕೊಡಬೇಕು. ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆಯೆಂದು ತಿಳಿದು ಅದನ್ನು ಮುಟ್ಟಗೊಡಬಾರದು. ತೆರೆಯ ಕೀಲಿ ಗೊತ್ತಿದ್ದರೆ ದಿನಾಂಕವು ಸರಿಯಿದೆಯೋ ಪರೀಕ್ಷಿಸಬೇಕು. ಬಹುಕಾಲ ಮಲಗಿದ್ದ ಯಂತ್ರವು ಎಷ್ಟೋ ವರ್ಷ ಹಿಂದಿನ ತಾರೀಖನ್ನು ತೋರಿಸುವದುಂಟು. ಆಗ ಕಂಪನಿಯ ಗಣಕದ ಪ್ರಮಾಣಪತ್ರವು ಅದಕ್ಕೆ ಅವಧಿಯಲ್ಲದ್ದೆಂದು ತೋರಿ, ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶವು ದೊರೆಯದು.

ಎರಡನೆಯದಾಗಿ, ಖಾತೆಯ ಹೆಸರನ್ನು ಹುಡುಕಬೇಕು. ಯಂತ್ರವು ತೆರೆದುಕೊಂಡರೆ ಸೆಟ್ಟಿಂಗ್ಸಿನೊಳಗೆ ಖಾತೆಗಳ ಪಟ್ಟಿಯಲ್ಲಿ ಅದು ಇರುತ್ತದೆ. ಇಲ್ಲವಾದರೆ ಕೊಂಡ ರಸೀದಿ, ಶಾಲೆಯ ಗುಂಪಿಗೆ ಕಳಿಸಿದ ಹಳೆಯ ಪತ್ರಗಳು, ಮನೆಯ ಬೇರೆ ಫೋನುಗಳು ಇವುಗಳನ್ನು ನೋಡಬೇಕು. ಖಾತೆ ತೆರೆದುಕೊಟ್ಟವರನ್ನು ಕೇಳಬೇಕು. ಖಾತೆಗೆ ಜೋಡಿಸಿದ ಫೋನಿನ ಸಂಖ್ಯೆ ಇಲ್ಲವೆ ಬೇರೊಂದು ಈಮೇಲ್ ವಿಳಾಸ, ಮತ್ತು ಖಾತೆಯಲ್ಲಿ ಬರೆದ ಪೂರ್ಣ ಹೆಸರು ಗೊತ್ತಿದ್ದರೆ ಗೂಗಲ್ ಕಂಪನಿಯೇ ಖಾತೆಯ ಹೆಸರನ್ನು ಹುಡುಕಿ ಕೊಡುವ ವ್ಯವಸ್ಥೆಯುಂಟು.

ಮೂರನೆಯದಾಗಿ, ಪಾಸ್‌ವರ್ಡ್ ಮರೆತವರಿಗಾಗಿ ಕಂಪನಿಯು ಇಟ್ಟಿರುವ ಪುಟದಿಂದಲೇ ಹೊಸದನ್ನು ಬೇಡಬೇಕು. ಆಗ ಜೋಡಿಸಿದ ಫೋನಿಗೆ ಇಲ್ಲವೆ ಈಮೇಲಿಗೆ ಒಂದು ಗುಪ್ತಾಂಕ ಬರುವದು. ಹಿಂದೆ ಅದೇ ಖಾತೆಯನ್ನು ಬಳಸಿದ ಫೋನಿನಿಂದ, ಹಿಂದೆ ಬಳಸಿದ ಸ್ಥಳದಲ್ಲಿಯೇ ಕುಳಿತು ಪ್ರಯತ್ನಿಸುವದು ಒಳ್ಳೇದು. ಪರಿಚಿತ ಯಂತ್ರವೂ ಪರಿಚಿತ ಸ್ಥಳವೂ ಒಡೆತನಕ್ಕೆ ಸಾಕ್ಷಿಗಳಾಗಿ ಎಣಿಸಲ್ಪಡುತ್ತವೆ. ನೆನಪಿರುವ ಹಳೆಯ ಪಾಸ್‌ವರ್ಡನ್ನಾದರೂ ಹೇಳಬೇಕು. ಉತ್ತರವು ಪೂರ್ತಿ ನಿಶ್ಚಯವಿಲ್ಲವೆಂದು ಪ್ರಶ್ನೆಗಳನ್ನು ಬಿಟ್ಟು ಹೋಗಬಾರದು. ಕೆಲವು ಸಲ ಕಂಪನಿಯು ಹಲವು ತಾಸು ಇಲ್ಲವೆ ಕೆಲವು ದಿನ ಕಾಯಿಸುವದು. ನಿಜವಾದ ಒಡೆಯರಿಗೆ ಎಚ್ಚರಿಕೆ ತಲುಪಲು ಅವಕಾಶ ಕೊಡುವದೇ ಅದರ ಉದ್ದೇಶ, ತಾಳ್ಮೆ ಬೇಕು.

ನಾಲ್ಕನೆಯದಾಗಿ, ತೆರೆಯ ಕೀಲಿಯೂ ಮರೆತು ಯಂತ್ರವನ್ನು ಅಳಿಸಲೇಬೇಕಾದಲ್ಲಿ, ಪಾಸ್‌ವರ್ಡ್ ಬದಲಿಸಿದ ಮೇಲೆ 24 ತಾಸು ಕಳೆಯಗೊಟ್ಟು ಆಮೇಲೆ ಅಳಿಸಬೇಕೆಂದು ಗೂಗಲ್ ಕಂಪನಿಯ ಸೂಚನೆಯಿದೆ. ಆ್ಯಪಲ್ ಕಂಪನಿಯ ಐಪ್ಯಾಡ್ ಆಗಿದ್ದರೆ ಕೊಂಡ ರಸೀದಿಯು ಬಹು ಬೆಲೆಯುಳ್ಳದ್ದು. ಅದನ್ನು ತೋರಿಸಿ ಕೀಲಿ ತೆಗೆಯಿಸುವಂತೆ ಕಂಪನಿಗೆ ಅರ್ಜಿ ಮಾಡಬಹುದು. ಶಾಲೆ ಕಾಲೇಜುಗಳು ತಮ್ಮ ಖಾತೆಯಿಂದಲೇ ಹಂಚಿದ ಯಂತ್ರವಾದರೆ ಆ ಸಂಸ್ಥೆಯ ವ್ಯವಸ್ಥಾಪಕರು ಹೊಸ ಪಾಸ್‌ವರ್ಡ್ ಕೊಡಬಲ್ಲರು. ಅಲ್ಲಿ ವಿಚಾರಿಸದೆ ಬೇರೆ ಕಡೆಗೆ ಹೋಗುವದು ವ್ಯರ್ಥ.

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಯಂತ್ರ ರಿಪೇರಿ ಮಾಡುವ ಪ್ರಾಮಾಣಿಕರು ಎಷ್ಟೋ ಜನರಿದ್ದಾರೆ. ಗಾಜು ಒಡೆದರೆ, ಬ್ಯಾಟರಿ ಹೋದರೆ ಅವರಲ್ಲಿಗೆ ಹೋಗಬೇಕು. ಆದರೆ ಖಾತೆಯ ಕೀಲಿಯನ್ನು ಕಳ್ಳದಾರಿಯಿಂದ ದಾಟಿಸಿಕೊಡುವೆನೆಂದು ಯಾವ ಊರಿನಲ್ಲಿ ಯಾರು ಹೇಳಿದರೂ ಒಪ್ಪಬಾರದು. ಅದಕ್ಕಾಗಿ ಯಂತ್ರದೊಳಗೆ ತುಂಬುವ ಅಪರಿಚಿತ ಕಾರ್ಯಕ್ರಮಗಳು ಮುಂದೆ ನಮ್ಮ ಪಾಸ್‌ವರ್ಡುಗಳನ್ನೂ ಬ್ಯಾಂಕಿನ ವಿವರಗಳನ್ನೂ ಕದಿಯಬಲ್ಲವು. ಅಂತರ್ಜಾಲದಲ್ಲಿ ಕಂಪನಿಯ ಸಹಾಯಕರೆಂದು ಸುಳ್ಳು ಫೋನ್ ಸಂಖ್ಯೆಗಳನ್ನು ಹಾಕಿ ಹಣ ಕೀಳುವವರೂ ಇದ್ದಾರೆ. ಇಂಥವರ ಬಲೆಗೆ ಬಿದ್ದು ಹಣ ಹೋದರೆ ತಡಮಾಡದೆ 1930 ಎಂಬ ಸರಕಾರದ ಸಹಾಯವಾಣಿಗೆ ತಿಳಿಸಬೇಕು.

ಮೇಲೆ ಹೇಳಿದ ಕ್ರಮದಿಂದ ಏನು ದೊರೆಯುವದು, ಏನು ದೊರೆಯದು ಎಂಬದಕ್ಕೆ ನಾವು ಕಂಡ ಒಂದು ಉದಾಹರಣೆಯನ್ನು ಕೊಡುತ್ತೇವೆ. ನಮ್ಮ ಒಬ್ಬ ವಿದ್ಯಾರ್ಥಿನಿಯ ತಾಯಿಯು ಹೊಲಿಗೆಯಿಂದ ಸಂಸಾರ ನಡಿಸುವವರು. ಮಗಳ ಪಾಠಕ್ಕೆಂದು ಕೊಂಡ ಟ್ಯಾಬ್ಲೆಟ್ಟಿನಲ್ಲಿ ಅವರು ಗಿರಾಕಿಗಳ ಅಳತೆ, ಬರಬೇಕಾದ ಬಾಕಿ ಎಲ್ಲವನ್ನೂ ಬರೆದಿಡುತ್ತಿದ್ದರು. ಕೆಲವು ತಿಂಗಳು ಬೇನೆಯಿಂದ ಮಲಗಿ ಎದ್ದ ಮೇಲೆ ತೆರೆಯ ಗೆರೆಯು ಅವರಿಗೆ ನೆನಪಾಗಲಿಲ್ಲ. ದೀಪಾವಳಿ ಸಮೀಪಿಸಿತ್ತು, ಯಾರಿಂದ ಎಷ್ಟು ಬರಬೇಕೆಂಬದು ಆ ಯಂತ್ರಕ್ಕೆ ಮಾತ್ರ ಗೊತ್ತು. ಖಾತೆಯನ್ನು ತೆರೆದುಕೊಟ್ಟ ನೆರೆಯ ತರುಣನು ತನ್ನ ಸಂಖ್ಯೆಯನ್ನೇ ಜೋಡಿಸಿ, ಉದ್ಯೋಗಕ್ಕಾಗಿ ಪುಣೆಗೆ ಹೋಗಿದ್ದನು. ಅಳಿಸಿಬಿಡುವಂತೆ ಹೇಳಿದವರು ಹಲವರು. ಹಾಗೆ ಮಾಡದಂತೆ ತಡೆದು, ಮೊದಲು ಆ ತರುಣನ ವಿಳಾಸವನ್ನು ಅವನ ತಾಯಿಯಿಂದ ತಿಳಿದುಕೊಳ್ಳುವಂತೆ ನಾವು ಹೇಳಿದೆವು. ಅದೃಷ್ಟವಶಾತ್ ಅವನು ಸಂಖ್ಯೆಯನ್ನು ಬದಲಿಸಿರಲಿಲ್ಲ. ಮಗಳು ಮನೆಯಲ್ಲಿಯೇ ಕುಳಿತು, ಹಿಂದೆ ಆ ಖಾತೆಯನ್ನು ಬಳಸಿದ್ದ ತಾಯಿಯ ಫೋನಿನಿಂದ ಅರ್ಜಿ ಮಾಡಿದಳು. ತರುಣನು ತನಗೆ ಬಂದ ಗುಪ್ತಾಂಕವನ್ನು ತಿಳಿಸಿದನು. ಹೊಸ ಪಾಸ್‌ವರ್ಡ್ ದೊರೆಯಿತು. ಬಾಕಿಯ ಲೆಕ್ಕವನ್ನು ಬರೆದ ಟಿಪ್ಪಣಿಗಳು ಖಾತೆಯೊಡನೆ ಕೂಡಿದ್ದುದರಿಂದ ಫೋನಿನಲ್ಲಿಯೇ ಅಕ್ಷರಕ್ಕೆ ಅಕ್ಷರ ಕಾಣಿಸಿಕೊಂಡವು. ಒಂದು ದಿನ ಕಾದು ಟ್ಯಾಬ್ಲೆಟ್ಟನ್ನು ಅಳಿಸಿ ಹೊಸದಾಗಿ ತೆರೆದರು. ಆದರೆ ಎಂದೂ ಖಾತೆಗೆ ಸೇರಿಸದೆ ಯಂತ್ರದಲ್ಲಿ ಮಾತ್ರ ಉಳಿದಿದ್ದ ಚಿತ್ರಗಳು ಹೋದವು. ಅವುಗಳಲ್ಲಿ ಮಗಳ ಅಜ್ಜಿಯ ಕಡೆಯ ಚಿತ್ರವೂ ಒಂದಿತ್ತು. ಬೇರೆಯವರ ಸಂಖ್ಯೆಯ ಮೇಲೆ ತೆರೆದ ಖಾತೆಯು ಬೇರೆಯವರ ದಯೆಯ ಮೇಲೆ ನಿಂತ ಖಾತೆ ಎಂಬದನ್ನು ಆ ಮನೆಯವರು ಈಗ ಚೆನ್ನಾಗಿ ಬಲ್ಲರು. ಆ ದಿನವೇ ತಾಯಿಯ ಸಂಖ್ಯೆಯನ್ನು ಅದಕ್ಕೆ ಜೋಡಿಸಿದರು.

ಎಲ್ಲ ಹಳೆಯ ಯಂತ್ರಗಳೂ ಹೀಗೆ ತಿರುಗಿ ಕೆಲಸಕ್ಕೆ ಬಾರವೆಂಬದನ್ನೂ ಹೇಳಬೇಕು. ನಮ್ಮ ದೇಶದಲ್ಲಿ 2011ನೆಯ ಅಕ್ಟೋಬರ್ 5ರಂದು ವಿದ್ಯಾರ್ಥಿಗಳಿಗಾಗಿ ಕಡಿಮೆ ಬೆಲೆಯ “ಆಕಾಶ” ಟ್ಯಾಬ್ಲೆಟ್ ಹೊರಬಂದಿತು. ಅದು ನಡೆಯುತ್ತಿದ್ದುದು ಆಂಡ್ರಾಯ್ಡ್ 2.2ರ ಮೇಲೆ. ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಳೆಯ ಯಂತ್ರಗಳಿಂದ ಖಾತೆಯನ್ನು ಪ್ರವೇಶಿಸುವದನ್ನು ಗೂಗಲ್ ಕಂಪನಿಯು 2021ನೆಯ ಸೆಪ್ಟೆಂಬರ್ 27ರಿಂದ ನಿಲ್ಲಿಸಿಬಿಟ್ಟಿತು. ಅಂಥ ಯಂತ್ರದಲ್ಲಿ ಪಾಸ್‌ವರ್ಡ್ ನೆನಪಾದರೂ ಫಲವಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಸ್ವಂತ ಖಾತೆಗಳನ್ನು ಅಳಿಸುವ ನಿಯಮವನ್ನೂ ಆ ಕಂಪನಿಯು 2023ನೆಯ ಡಿಸೆಂಬರ್ ತಿಂಗಳಿನಿಂದ ಜಾರಿಯಲ್ಲಿ ತಂದಿದೆ. ಕಪಾಟಿನ ಯಂತ್ರವು ಕಾಯುತ್ತಿರಬಹುದು; ಖಾತೆಯು ಕಾಯದು. ತೀರ ಕೆಲಸಕ್ಕೆ ಬಾರದ ಯಂತ್ರವನ್ನು ಕಸದ ಗಾಡಿಗೆ ಹಾಕದೆ, ಇಲೆಕ್ಟ್ರಾನಿಕ್ ತ್ಯಾಜ್ಯವನ್ನು ಸ್ವೀಕರಿಸುವ ಅಧಿಕೃತರಿಗೆ ಒಪ್ಪಿಸುವದು ಯುಕ್ತ.

ಇಷ್ಟು ಹೇಳಿದ ಮೇಲೆ ಹುಡುಗಿಯರ ಶಾಲೆಯವರಾದ ನಾವು ವಿಶೇಷವಾಗಿ ಹೇಳಬೇಕಾದ ಮಾತೊಂದುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ, ತಾವೇ ಬಳಸುವ ಮೊಬೈಲ್ ಫೋನ್ ಇದ್ದವರು ನೂರಕ್ಕೆ 53.9, ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದ ಹೆಂಗಸರು ನೂರಕ್ಕೆ 33.3, ಗಂಡಸರು 57.1. ಹೀಗಿರಲು ಹುಡುಗಿಯ ಖಾತೆಯು ಅಣ್ಣನ ಸಂಖ್ಯೆಯ ಮೇಲೆ, ಕಾಕನ ಸಂಖ್ಯೆಯ ಮೇಲೆ, ಕೆಲವೊಮ್ಮೆ ಅಂಗಡಿಯವನ ಸಂಖ್ಯೆಯ ಮೇಲೆ ತೆರೆಯಲ್ಪಡುವದು ಆಶ್ಚರ್ಯವಲ್ಲ. ಪಾಠದ ಟಿಪ್ಪಣಿ ಕಳೆದರೆ ಮತ್ತೆ ಬರೆದುಕೊಳ್ಳಬಹುದು. ಆದರೆ ಈಗ ಶಿಷ್ಯವೇತನದ ಅರ್ಜಿ, ಕಾಲೇಜಿನ ಪ್ರವೇಶ, 2015ರಲ್ಲಿ ಸರಕಾರವು ಆರಂಭಿಸಿದ ಡಿಜಿಲಾಕರಿನಲ್ಲಿರುವ ಅಂಕಪಟ್ಟಿ ಇವೆಲ್ಲವುಗಳಿಗೂ ಗುಪ್ತಾಂಕವು ಒಂದು ಫೋನಿಗೆ ಬರಬೇಕು. ಆ ಫೋನು ಯಾರ ಕಿಸೆಯಲ್ಲಿದೆಯೋ ಅವಳ ವಿದ್ಯೆಯ ಕೀಲಿಕೈಯೂ ಅವರ ಕಿಸೆಯಲ್ಲಿರುತ್ತದೆ. ಮನೆಯವರು ಪ್ರೀತಿಯುಳ್ಳವರಾದರೂ ಊರು ಬಿಡುವದು, ಸಂಖ್ಯೆ ಬದಲಿಸುವದು, ಜಗಳವಾಗುವದು ಲೋಕದಲ್ಲಿ ಇದ್ದದ್ದೇ.

ಆದಕಾರಣ ಪ್ರತಿಯೊಬ್ಬ ಹುಡುಗಿಯು ತನ್ನ ಖಾತೆಯು ಯಾವ ಸಂಖ್ಯೆಯ ಮೇಲಿದೆಯೆಂದು ತಿಳಿದಿರಬೇಕು. ನಮ್ಮ ದೇಶದಲ್ಲಿ 13 ವರ್ಷ ತುಂಬಿದವರು ಸ್ವಂತ ಗೂಗಲ್ ಖಾತೆಯನ್ನು ನಡಿಸಿಕೊಳ್ಳಬಹುದು. ಅದಕ್ಕಿಂತ ಚಿಕ್ಕವರಿಗೆ ತಂದೆತಾಯಿಗಳ ಮೇಲ್ವಿಚಾರಣೆಯಿರಬೇಕು. ಸ್ವಂತ ಫೋನ್ ಇಲ್ಲದವಳು ತಾಯಿಯ ಸಂಖ್ಯೆಯನ್ನು ಜೋಡಿಸಲಿ, ಜೊತೆಗೆ ನಂಬಿಕೆಯುಳ್ಳ ಮತ್ತೊಬ್ಬರ ಈಮೇಲನ್ನೂ ಸೇರಿಸಲಿ. ಒಂದು ದಾರಿ ಮುಚ್ಚಿದರೆ ಇನ್ನೊಂದಿರಬೇಕು. ಸಂಖ್ಯೆಯನ್ನು ಬಿಡುವ ಮೊದಲೇ ಖಾತೆಯಲ್ಲಿ ಹೊಸದನ್ನು ಬರೆಯಬೇಕು. ಏಕೆಂದರೆ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಖ್ಯೆಯು ನಿಂತುಹೋಗಬಹುದು. ಮುಂದೆ ಅದು ಬೇರೊಬ್ಬರ ಪಾಲಾಗುವದು, ನಮ್ಮ ಗುಪ್ತಾಂಕಗಳು ಅವರಿಗೆ ಹೋಗುವವು.

ಪಾಸ್‌ವರ್ಡಿನ ವಿಷಯದಲ್ಲಿಯೂ ಹಳೆಯ ಭ್ರಮೆಗಳನ್ನು ಬಿಡಬೇಕಾಗಿದೆ. ತಿಂಗಳಿಗೊಮ್ಮೆ ಬದಲಿಸಬೇಕೆಂಬ ಕಟ್ಟಳೆಯಿಂದ ಜನರು ಮರೆಯುವದು ಹೆಚ್ಚಿತೇ ಹೊರತು ರಕ್ಷಣೆಯು ಹೆಚ್ಚಲಿಲ್ಲ. ಕಳುವಾದ ಸಂಶಯವಿಲ್ಲದೆ ಸುಮ್ಮನೆ ಬದಲಿಸಗೊಡಬಾರದೆಂದು ಅಮೇರಿಕೆಯ ಮಾನಕ ಸಂಸ್ಥೆಯು 2017ರಲ್ಲಿಯೇ ತನ್ನ ಸೂಚನೆಗಳಲ್ಲಿ ಹೇಳಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಶಬ್ದಗಳನ್ನು ಸಾಲಾಗಿ ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಠಿಣ. ಹುಟ್ಟಿದ ತಾರೀಖು, ತಂದೆಯ ಹೆಸರು, ಊರಿನ ಹೆಸರು ಸಲ್ಲವು. ಬರೆದಿಡುವದು ತಪ್ಪೆಂದು ಕೆಲವರು ಹೇಳುವರು. ಯಂತ್ರದ ಬೆನ್ನಿಗೆ ಚೀಟಿ ಅಂಟಿಸುವದು ತಪ್ಪೇ ಸರಿ. ಆದರೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದು, ಜನ್ಮಪತ್ರ ಮತ್ತು ಶಾಲೆಯ ದಾಖಲೆಗಳ ಜೊತೆಗೆ ಟ್ರಂಕಿನಲ್ಲಿಡುವದರಲ್ಲಿ ದೋಷವಿಲ್ಲ. ದೂರದೇಶದ ಕಳ್ಳನು ನಿಮ್ಮ ಟ್ರಂಕಿನ ತನಕ ಬರಲಾರನು. ಕೊಂಡ ರಸೀದಿಯೂ ಅದೇ ಟ್ರಂಕಿನಲ್ಲಿರಲಿ.

ಕಡೆಯದಾಗಿ, ಯಂತ್ರವನ್ನು ತಂಗಿಗೋ ಬೇರೆಯವರಿಗೋ ಕೊಡುವಾಗ ಮೊದಲು ಬೇಕಾದುದನ್ನು ನಕಲು ಮಾಡಿಕೊಂಡು, ಸೆಟ್ಟಿಂಗ್ಸಿನಲ್ಲಿ ಹಳೆಯ ಖಾತೆಯನ್ನು ತೆಗೆದು, ಆಮೇಲೆ ಅಳಿಸಿ ಕೊಡಬೇಕು. ಹಳೆಯ ಯಂತ್ರವನ್ನು ಕೊಳ್ಳುವವರು ಅದು ನಮ್ಮೆದುರಿಗೆ ಹೊಸ ಖಾತೆಯಿಂದ ತೆರೆದುಕೊಳ್ಳುವ ತನಕ ಹಣ ಎಣಿಸಬಾರದು. ಖಾತೆಯನ್ನು ಬಿಡಿಸಿಕೊಡಲು ಒಲ್ಲೆನೆನ್ನುವವನ ಮಾಲು ಅವನದಾಗಿರದೆ ಇರಬಹುದು.

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ನಮ್ಮಲ್ಲಿ ಗಾದೆಯುಂಟು. ಖಾತೆಯು ತೆರೆದಿರುವಾಗ ಈ ಕೆಲಸಗಳಿಗೆ ಹತ್ತು ನಿಮಿಷ ಸಾಕು. ಮುಚ್ಚಿದ ಮೇಲೆ ತಿಂಗಳೂ ಸಾಲದು. ಬರುವ ರಜೆಯಲ್ಲಿ ನಮ್ಮ ವಿದ್ಯಾರ್ಥಿನಿಯರು ಮನೆಯ ಕಪಾಟನ್ನು ತೆಗೆದು ನೋಡಲಿ, ಖಾತೆಗಳಿಗೆ ಜೋಡಿಸಿದ ಸಂಖ್ಯೆಗಳನ್ನು ತಾಯಿಯೊಡನೆ ಕುಳಿತು ಪರೀಕ್ಷಿಸಲಿ, ತಾಯಿಗೆ ಓದಬಾರದಿದ್ದರೆ ಓದಿ ಹೇಳಲಿ. ತೆರೆದುಕೊಂಡ ಯಂತ್ರವು ನೆರೆಯ ಒಂದು ಮಗುವಿನ ಪಾಠಕ್ಕಾದರೂ ಬರುವದು.